ವಂದನಾರ್ಪಣೆ ಪಂಚಾಕ್ಷರಪ್ಪ

ಚನ್ನಗಿರಿಯ ಬಯಲು ರಂಗಮಂದಿರದಲ್ಲಿ ಕುಸ್ತಿಯಾಗಲಿ, ನಾಟಕವಾಗಲಿ, ಚುನಾವಣೆಯ ಭಾಷಣವಾಗಲಿ, ಕಡೆಗೆ ಮೈಕು ಹಿಡಿಯುವವನು ಪಂಚಾಕ್ಷರಪ್ಪನೇ. ಶಾಮಿಯಾನ ಹಾಕಿದವರಿಗೆ, ಸೋಡಾ ತಂದವರಿಗೆ, ಸೋತ ಪೈಲ್ವಾನನ ತಾಯಿಗೆ, ಸುರಿಯದೆ ಮುಂದೆ ಹೋದ ಮೋಡಕ್ಕೂ ಅವನ ವಂದನೆ ಸಲ್ಲುತ್ತಿತ್ತು. ‘ಇನ್ನೊಬ್ರು ಉಳಿದಾರೆ, ಕುಂತ್ಕಳ್ರಿ’ ಎನ್ನುವಷ್ಟರಲ್ಲಿ ಜನ ಚಪ್ಪಲಿ ಮೆಟ್ಟಿಯಾಗಿರುತ್ತಿತ್ತು. ಜಮಖಾನೆ ಸುತ್ತುವವರು ಅವನ ಕಾಲಬುಡಕ್ಕೇ ಬಂದಿರುತ್ತಿದ್ದರು. ಯಾರಾದರೂ ನಕ್ಕರೆ, ‘ಉಂಡ ಮನೆಯಾಗೆ ಹೇಳದಂಗೆ ಎದ್ದು ಹೋಗಾಕೆ ಆಗತೈತೇನ್ರಿ?’ ಎನ್ನುತ್ತಿದ್ದ. ಎಂಬತ್ನಾಲ್ಕನೇ ಇಸವಿಯಲ್ಲಿ, ಅಂಗಡಿ ಮಳಿಗೆ ಕಟ್ಟಲೆಂದು ರಂಗಮಂದಿರ ಕೆಡವುವ ದಿನ, ಇಸ್ತ್ರಿ ಮಾಡಿದ ಅಂಗಿ ತೊಟ್ಟು ಬಂದ. ಮೈಕಿಲ್ಲದ ವೇದಿಕೆ ಹತ್ತಿ ಕಂಬಕ್ಕೆ, ಮೆಟ್ಟಿಲಿಗೆ, ಸೋರುತ್ತಿದ್ದ ತಗಡಿಗೆ ವಂದನೆ ಹೇಳತೊಡಗಿದ. ಹಾರೆ ಹಿಡಿದು ನಿಂತಿದ್ದ ಕೂಲಿಯವರು ಒಬ್ಬೊಬ್ಬರಾಗಿ ನೆಲಕ್ಕೆ ಕುಳಿತರು. ಅವನು ಮುಗಿಸುವವರೆಗೆ ಯಾರೂ ಎದ್ದು ಹೋಗಲಿಲ್ಲ.