ತಪ್ಪು ಮಾಡಲು ಬಿಡದ ಗುರುಮಲ್ಲಪ್ಪ ಮೇಷ್ಟ್ರು

ಗುರುಮಲ್ಲಪ್ಪ ಮೇಷ್ಟ್ರ ಹತ್ತಿರ ಕೆಂಪು ಪೆನ್ನು ಎಂಬುದೇ ಇರಲಿಲ್ಲ. ಮೂವತ್ತು ವರ್ಷಕ್ಕೂ ಮೇಲೆ ಲೆಕ್ಕ ಹೇಳಿಕೊಟ್ಟ ಮನುಷ್ಯ ಒಂದು ಮಗುವಿನ ಪುಸ್ತಕದಲ್ಲೂ ತಪ್ಪು ಗುರುತು ಹಾಕಿದವರಲ್ಲ. ಉತ್ತರ ತಪ್ಪಿದ್ದರೆ ತಾವೇ ನೀಲಿ ಪೆನ್ನಿನಲ್ಲಿ ಅಂಕಿ ತಿದ್ದಿ, ಅದರ ಮೇಲೆ ಉದ್ದನೆಯ ರೈಟು ಎಳೆದು, ಪಕ್ಕದಲ್ಲಿ ‘ಭೇಷ್’ ಎಂದು ಬರೆಯುತ್ತಿದ್ದರು. ಶಾಲೆ ನೋಡಲು ಬಂದ ಅಧಿಕಾರಿಗಳು ಆ ನೋಟ್‌ಬುಕ್ಕುಗಳನ್ನು ತಿರುವಿ ಹಾಕಿ ತಲೆದೂಗುತ್ತಿದ್ದರು. ಪಕ್ಕದಲ್ಲಿ ನಿಂತ ನನಗೆ ಮೈಯೆಲ್ಲ ಉರಿಯುತ್ತಿತ್ತು.

ನಮ್ಮದು ಎಚ್.ಡಿ. ಕೋಟೆ ತಾಲ್ಲೂಕಿನಲ್ಲಿ, ಕೇರಳದ ಗಡಿ ಕಡೆಗಿರುವ ಸಣ್ಣ ಶಾಲೆ. ಅಲ್ಲಿ ಇನ್ನೊಬ್ಬ ಟೀಚರಾಗಿದ್ದ ನಾನು ಹುಣಸೂರಿನಿಂದ ಎರಡು ಬಸ್ಸು ಬದಲಿಸಿ ಬರುತ್ತಿದ್ದೆ. ಮೇಷ್ಟ್ರು ಚುಂಚನಕಟ್ಟೆ ಕಡೆಯವರು. ಗದ್ದೆಯನ್ನು ತಮ್ಮನಿಗೆ ಒಪ್ಪಿಸಿ, ಶಾಲೆಯ ಪಕ್ಕದಲ್ಲೇ ಒಂದು ಕೋಣೆ ಹಿಡಿದಿದ್ದರು. ಜೇಬಿನ ತುಂಬ ಹುರಿದ ಕಡಲೆಕಾಯಿ. ಉತ್ತರ ಸರಿಯಾಗಿದ್ದರೂ ಎರಡು, ತಪ್ಪಾಗಿದ್ದರೂ ಎರಡು. "ಇದೇನು ಸರ್ ನ್ಯಾಯ?" ಎಂದು ನಾನು ಕೇಳಿದರೆ, "ಮಕ್ಳ ಮಕ ಬಾಡಬಾರ್ದು ಕಣಮ್ಮ. ಮಕ ಬಾಡುದ್ರೆ ನಾಳೀಕೆ ಸ್ಕೂಲ್ಗೇ ಬರಾಕಿಲ್ಲ" ಎನ್ನುವರು. ಆ ಮಾತಿನಲ್ಲಿ ಹುರುಳಿತ್ತು. ಹಾಜರಿಯಲ್ಲಿ ನಮ್ಮ ಶಾಲೆಯನ್ನು ಮೀರಿಸುವ ಶಾಲೆ ಸುತ್ತಮುತ್ತ ಇರಲಿಲ್ಲ. ಆದರೆ ಲೆಕ್ಕ?

ಮೈಸೂರಿನ ಒಂದು ದಾನಿ ಸಂಸ್ಥೆಯವರು ಶಾಲೆಗೆ ಹನ್ನೆರಡು ಟ್ಯಾಬ್ ಕೊಟ್ಟರು. ಉಸ್ತುವಾರಿ ನನ್ನ ತಲೆಗೆ ಬಂತು, ಲೆಕ್ಕದ ತರಗತಿ ಮಾತ್ರ ಮೇಷ್ಟ್ರದೇ. ಅದರೊಳಗಿನ ಆ್ಯಪ್ ಒಂದೊಂದು ಮಗುವಿಗೂ ಬೇರೆ ಬೇರೆ ಲೆಕ್ಕ ಕೊಡುತ್ತದೆ. ಸರಿ ಮಾಡಿದರೆ ಇನ್ನೂ ಕಷ್ಟದ್ದು. ತಪ್ಪಿದರೆ ಕೆಳಗಿಳಿದು, ಮಗು ಎಲ್ಲಿ ಎಡವಿದೆಯೋ ಅಲ್ಲಿಂದ ಹೇಳಿಕೊಡುತ್ತದೆ. ಒಂದೇ ಬೆಂಚಿನಲ್ಲಿ ಕೂತ ಒಬ್ಬನಿಗೆ ಭಿನ್ನರಾಶಿ, ಇನ್ನೊಬ್ಬಳಿಗೆ ಬರಿಯ ಕೂಡುವ ಲೆಕ್ಕ. ಮಗು ತಪ್ಪು ಮಾಡಿದರೆ ಮಾತ್ರ ಅದಕ್ಕೆ ಮುಂದಿನ ದಾರಿ ತಿಳಿಯುವುದು. ಇದನ್ನೆಲ್ಲ ಮೇಷ್ಟ್ರಿಗೆ ಎರಡೆರಡು ಸಲ ಬಿಡಿಸಿ ಹೇಳಿದ್ದೆ. ತಲೆಯಾಡಿಸಿದ್ದರು.

ನಾಲ್ಕು ತಿಂಗಳು ನನ್ನ ಮೊಬೈಲಿಗೆ ಬರುತ್ತಿದ್ದ ವರದಿಯಲ್ಲಿ ಎಲ್ಲರ ಹೆಸರಿನ ಮುಂದೆಯೂ ಹಸಿರು. ನಾನು ಉಬ್ಬಿಹೋದೆ. ಅದನ್ನು ಶಿಕ್ಷಕರ ವಾಟ್ಸ್ಆ್ಯಪ್ ಗುಂಪಿಗೆ ಹಾಕಿದೆ, ಎಚ್.ಡಿ. ಕೋಟೆಯ ಮೀಟಿಂಗಿನಲ್ಲಿ ಚಪ್ಪಾಳೆಯನ್ನೂ ತಟ್ಟಿಸಿಕೊಂಡೆ. ಅನುಮಾನ ಬರಬೇಕಿತ್ತು, ಬರಲಿಲ್ಲ. ಒಂದು ಮಧ್ಯಾಹ್ನ ಮೀಟಿಂಗು ಬೇಗ ಮುಗಿಯಿತೆಂದು ಶಾಲೆಗೆ ವಾಪಸ್ಸು ಬಂದವಳು ಕಿಟಕಿಯಲ್ಲೇ ನಿಂತುಬಿಟ್ಟೆ. ಮೇಷ್ಟ್ರು ಸಾಲಿನ ಹಿಂದಿನಿಂದ ಬಾಗಿ, ಮಕ್ಕಳ ಹೆಗಲ ಮೇಲಿಂದ ಕೈ ಚಾಚಿ, ಒಂದೊಂದೇ ಟ್ಯಾಬಿನ ಉತ್ತರ ಒತ್ತುತ್ತ ಹೋಗುತ್ತಿದ್ದರು.

"ಏನ್ ಸರ್ ಇದು?"

"ತಪ್ಪಾದ್ರೆ ಅದು ಟುಯ್ಯ್ ಅಂತ ಅಳ್ತದೆ ಕಣಮ್ಮ. ಕೂಸುಗಳ್ ಮಕ ಸಪ್ಪಗಾಗೋಯ್ತದೆ. ಒಸಿ ಬಟ್ಟು ತೋರ್ಸ್ದೆ, ಅಷ್ಟೇಯ."

"ಅದು ಮಕ್ಕಳನ್ನ ಅಳೀತಿಲ್ಲ ಸರ್, ನಿಮ್ಮನ್ನ ಅಳೀತಿದೆ!"

"ಅಳೀಲಿ ಬುಡಿ. ನಾನೂ ಒಂದ್ಸಲ ಪಾಸಾಗ್ಲಿ."

ಅಷ್ಟು ಹೊತ್ತಿಗೆ ಐದನೇ ತರಗತಿಯ ಮಕ್ಕಳನ್ನು ಆ್ಯಪ್ ಎಂಟನೇ ತರಗತಿಗೆ ಹತ್ತಿಸಿ ಕೂರಿಸಿತ್ತು. "ಮಿಸ್, ಲೆಕ್ಕದೊಳೀಕೆ ಅಕ್ಸರ ಬಂದ್ಬುಟ್ಟವೆ" ಎಂದು ಒಬ್ಬ ಕಣ್ಣು ಬಾಯಿ ಬಿಡುತ್ತಿದ್ದ. ನಾನು ಹಣೆ ಚಚ್ಚಿಕೊಂಡೆ.

ಮಿಕ್ಕವರದು ಹೇಗೋ ಆಗುತ್ತಿತ್ತು. ಸಿಂಚನಾಳದು ಹಾಗಲ್ಲ. ಐದನೇ ತರಗತಿಯ ಈ ಹುಡುಗಿಯ ಅಪ್ಪ ಅಮ್ಮ ಬೇಸಿಗೆಗೆ ಕೊಡಗಿನ ಕಾಫಿ ತೋಟವೊಂದಕ್ಕೆ ಕೆಲಸಕ್ಕೆ ಹೊರಡುವವರಿದ್ದರು, ಅಲ್ಲಿಯೇ ಕೂಲಿಯಾಳುಗಳ ಲೈನ್ ಮನೆಯಲ್ಲಿರಲು. ಅವಳಪ್ಪ ಶಾಲೆಗೆ ಬಂದು ಕಡ್ಡಿ ಮುರಿದಂತೆ ಹೇಳಿದ್ದ: "ವಸತಿ ಶಾಲೆ ಸೀಟ್ ಸಿಕ್ಕುದ್ರೆ ಇಲ್ಲೇ ಬುಟ್ಟೋಯ್ತೀವಿ ಸಾ. ಸಿಕ್ನಿಲ್ಲ ಅಂದ್ರೆ ಜೊತ್ಗೇ ಕರ್ಕೊಂಡೋಯ್ತೀವಿ. ಚಿಕ್ಕದೊಂದದೆ, ಅದುನ್ನ ನೋಡ್ಕೊಂಡಿರ್ತಾಳೆ." ನೋಡಿಕೊಂಡಿರುವುದು ಎಂದರೆ ಓದು ಮುಗಿಯಿತು ಎಂದೇ ಅರ್ಥ. ಪ್ರವೇಶ ಪರೀಕ್ಷೆಗೆ ಆರು ವಾರವಿತ್ತು.

ನಾನು ಎಲ್ಲ ಟ್ಯಾಬುಗಳನ್ನೂ ಮೊದಲಿಂದ ಶುರುಮಾಡಿ, ಮೇಷ್ಟ್ರನ್ನು ಹೊರಗೆ ನಿಲ್ಲಿಸಿ, ಮಕ್ಕಳನ್ನು ಕೂರಿಸಿದೆ. ಮಿಷಿನ್ನಿಗೆ ಸುಳ್ಳು ಹೇಳಬಾರದು, ಗೊತ್ತಿಲ್ಲದ್ದಕ್ಕೆ ಸುಮ್ಮನೆ ಒತ್ತಬಾರದು ಎಂದು ಮೇಷ್ಟ್ರಿಗೂ ಕೇಳಿಸುವಂತೆ ತಾಕೀತು ಮಾಡಿದೆ. ಸಿಂಚನಾ ಎರಡನೇ ತರಗತಿಗೆ ಇಳಿದಳು. ವರದಿ ತೋರಿಸಿದರೆ ಮೇಷ್ಟ್ರು ನಂಬಲೇ ಇಲ್ಲ. "ಈ ಮಿಷಿನ್ಗೆ ತಲೆ ಕೆಟ್ಟದೆ. ಬಾ ಮಗ ಇಲ್ಲಿ" ಎಂದು ಅವಳನ್ನು ಬೋರ್ಡಿನ ಬಳಿ ಕರೆದು, ನಾನೂರ ಎರಡರಲ್ಲಿ ನೂರ ಎಪ್ಪತ್ತೆಂಟು ಕಳೆ ಎಂದರು. ಅವಳು ಬಿಡಿಸ್ಥಾನದಲ್ಲಿ ಆರು ಬರೆದು ಮೇಷ್ಟ್ರ ಕಡೆ ತಿರುಗಿದಳು. ಅವರ ಹುಬ್ಬು ಮೇಲೇರಿತು. ಆರು ಅಳಿಸಿ ಐದು ಬರೆದಳು. ಹುಬ್ಬು ಇಳಿಯಲಿಲ್ಲ. ನಾಲ್ಕು ಬರೆದಳು. ಇಳಿಯಿತು.

"ಸರ್, ಅವಳು ಬೋರ್ಡ್ ನೋಡ್ತಾನೇ ಇಲ್ಲ. ನಿಮ್ಮ ಮುಖ ನೋಡ್ತಿದಾಳೆ" ಎಂದೆ.

ಮೇಷ್ಟ್ರು ಕಿಟಕಿಯ ಕಡೆ ತಿರುಗಿ ನಿಂತು, ಮತ್ತೆ ಮಾಡು ಎಂದರು. ಸಿಂಚನಾ ಮುನ್ನೂರ ಎಪ್ಪತ್ತಾರು ಎಂದು ಬರೆದಳು. ದೊಡ್ಡ ಅಂಕಿಯಿಂದ ಚಿಕ್ಕ ಅಂಕಿ ಕಳೆದಿದ್ದಳು, ಯಾವುದು ಮೇಲಿದೆ ಯಾವುದು ಕೆಳಗಿದೆ ಎಂಬ ಗೊಡವೆಯೇ ಇಲ್ಲದೆ. ಮೇಷ್ಟ್ರು ತಿರುಗಿ ಅದನ್ನು ನೋಡಿದರು.

"ಮೂರು ವರ್ಸ ನಾನೇ ಏಳ್ಕೊಟ್ಟಿವ್ನಿ ಕಣಮ್ಮ ಇವಳಿಗೆ" ಎಂದರು. ನನಗೆ ಬೈಯಬೇಕೆನಿಸಿತ್ತು. ಆ ದನಿ ಕೇಳಿ ಆಗಲಿಲ್ಲ.

ಮಾರನೆಯ ದಿನದಿಂದ ಮೇಷ್ಟ್ರು ಬೇರೆಯೇ ಮನುಷ್ಯ. ಟ್ಯಾಬಿನ ತರಗತಿ ಇದ್ದಾಗ ಕುರ್ಚಿಯನ್ನು ಗೋಡೆಯ ಕಡೆ ತಿರುಗಿಸಿ ಕೂರುವರು. ಪ್ರತಿಸಲ ಟುಯ್ಯ್ ಎಂದಾಗಲೂ ಅವರ ಭುಜ ಒಮ್ಮೆ ಕುಗ್ಗುವುದು, ಆದರೆ ತಿರುಗಿ ನೋಡುವುದಿಲ್ಲ. ಗೊತ್ತಿಲ್ಲದ್ದನ್ನು ಗೊತ್ತಿಲ್ಲ ಎನ್ನಬೇಕು ಎಂದು ಮಕ್ಕಳಿಂದ ದಿನಾ ಪ್ರಾರ್ಥನೆಯಲ್ಲಿ ಹೇಳಿಸತೊಡಗಿದರು. ಆರು ವಾರದಲ್ಲಿ ಸಿಂಚನಾ ಎರಡನೇ ತರಗತಿಯಿಂದ ನಾಲ್ಕಕ್ಕೆ ಹತ್ತಿದಳು, ಇದು ನಿಜವಾದ ನಾಲ್ಕು. ಇನ್ನು ಚಿಂತೆಯಿಲ್ಲ ಎಂದುಕೊಂಡೆ. ಈ ಮನುಷ್ಯನ ವಿಷಯದಲ್ಲಿ ಹಾಗೆ ಅಂದುಕೊಳ್ಳಲೇಬಾರದಿತ್ತು.

ಕೋಟೆಯಲ್ಲಿ ಪರೀಕ್ಷೆ ಮುಗಿಸಿ ಹೊರಬಂದ ಸಿಂಚನಾ, ಗೇಟಿನಲ್ಲಿ ಕಾಯುತ್ತಿದ್ದ ನನಗೂ ಮೇಷ್ಟ್ರಿಗೂ ನಗುತ್ತಲೇ ಹೇಳಿದಳು: "ಒಂಬತ್ತು ಲೆಕ್ಕ ಗೊತ್ತಾಗ್ನಿಲ್ಲ ಮಿಸ್. ಬುಟ್ಬುಟ್ಟೆ."

"ಬಿಟ್ಟುಬಿಟ್ಯಾ? ನಾಲ್ಕು ಉತ್ತರ ಕೊಟ್ಟಿರ್ತಾರಲ್ಲೇ, ಯಾವುದಾದ್ರೂ ಒಂದಕ್ಕೆ ಗುರುತು ಹಾಕೋದಲ್ವಾ? ತಪ್ಪಾದ್ರೆ ಮಾರ್ಕ್ಸ್ ಕಳೆಯಲ್ಲ ಕಣೇ!"

"ಗೊತ್ತಿಲ್ದೇ ಇರೋದುಕ್ಕೆ ಗುರ್ತು ಆಕ್ಬ್ಯಾಡ ಅಂದಿದ್ರು ಸಾ."

ನಾನು ಮೇಷ್ಟ್ರ ಕಡೆ ತಿರುಗಿದೆ. ಅವರ ಮುಖ ಬಿಳುಚಿಕೊಂಡಿತ್ತು. "ಮಿಷಿನ್ಗೆ ಸುಳ್ ಏಳ್ಬಾರ್ದು ಅಂದೋರು ನೀವೇ ಅಲ್ವಾ ಮೇಡಂ?" ಎಂದರು. ಹೌದು, ನಾನೇ. ಟ್ಯಾಬೇ ಬೇರೆ, ಪರೀಕ್ಷೆಯೇ ಬೇರೆ ಎಂದು ಹೇಳಬೇಕಾದವಳೂ ನಾನೇ. ಅದು ಹೊಳೆಯಲೇ ಇಲ್ಲ. ರಸ್ತೆಯಲ್ಲೇ ಅವರ ಮೇಲೆ ಕೂಗಾಡಿದೆ. ಅವರು ತಲೆತಗ್ಗಿಸಿ ಕೇಳಿಸಿಕೊಂಡರು.

ಎರಡು ಅಂಕದಲ್ಲಿ ಸೀಟು ತಪ್ಪಿತು. ಏಪ್ರಿಲ್ ಕೊನೆಗೆ ಸಿಂಚನಾಳ ಮನೆಯವರು ಗಂಟುಮೂಟೆ ಕಟ್ಟಿ ಕೊಡಗಿಗೆ ಹೊರಟರು. ಮೇ ತಿಂಗಳಲ್ಲಿ ಮೇಷ್ಟ್ರು ನಿವೃತ್ತರಾದರು. ಬೀಳ್ಕೊಡುಗೆಯ ದಿನವೂ ನಾನು ಅವರೊಂದಿಗೆ ಮುಖ ಕೊಟ್ಟು ಮಾತಾಡಲಿಲ್ಲ.

ಆಷಾಢದ ಒಂದು ಭಾನುವಾರ ಹುಣಸೂರು ಬಸ್ ಸ್ಟ್ಯಾಂಡಿನಲ್ಲಿ ಕಂಡರು. ಮಡಿಕೇರಿ ಬಸ್ಸಿಗೆ ಕಾಯುತ್ತಿದ್ದರು. ಸಿಂಚನಾಳನ್ನು ತೋಟದ ಹತ್ತಿರದ ಶಾಲೆಗೆ ತಾವೇ ಹೋಗಿ ಸೇರಿಸಿದ್ದರಂತೆ. ಚಿಕ್ಕದನ್ನು ಅಂಗನವಾಡಿಗೆ ಹಾಕಿಸಿದ್ದರಂತೆ. ಭಾನುವಾರ ಭಾನುವಾರ ಹೋಗಿ ಲೆಕ್ಕ ಮಾಡಿಸಿ ಬರುತ್ತಾರಂತೆ. "ಮಂಡಿ ನೋವು ಇಟ್ಕೊಂಡು ಈ ಮಳೇಲಿ ಯಾಕ್ ಸರ್ ಅಲೀತೀರಿ? ಒಂದು ಫೋನ್ ಮಾಡಿ ಹೇಳ್ಕೊಡಬಾರದಾ?" ಎಂದು ಅಲ್ಲೂ ಗದರಿದೆ. "ಎಲ್ಲಿ ಎಡವ್ತಾಳೆ ಅಂತ ಫೋನ್ನಾಗೆ ಕಾಣಾಕಿಲ್ಲ ಕಣಮ್ಮ" ಎಂದು ಬಸ್ಸು ಹತ್ತಿದರು. ಅದೇ ಕೊನೆ. ಗೌರಿ ಹಬ್ಬಕ್ಕೆ ಮುಂಚೆ, ಚುಂಚನಕಟ್ಟೆಯ ಮನೆಯಲ್ಲಿ, ಎದೆನೋವೆಂದು ಕೂತವರು ಮತ್ತೆ ಏಳಲಿಲ್ಲ.

ಸಿಂಚನಾಳಿಗೆ ತಿಳಿಸುವವರು ಯಾರೂ ಇರಲಿಲ್ಲ. ಆ ಭಾನುವಾರ ನಾನೇ ಹೋದೆ. ಹೋಗುವಾಗಲೂ ದಾರಿಯುದ್ದಕ್ಕೂ ಅವರನ್ನು ಬೈದುಕೊಂಡೇ ಹೋದೆ. ಲೈನ್ ಮನೆಯ ಜಗಲಿಯ ಮೇಲೆ ಅವಳು ನೋಟ್‌ಬುಕ್ ಬಿಡಿಸಿಕೊಂಡು ಕೂತಿದ್ದಳು. ನನ್ನನ್ನು ಕಂಡು ಎದ್ದವಳು, ನನ್ನ ಹಿಂದೆ ಇನ್ಯಾರಾದರೂ ಬರುತ್ತಿದ್ದಾರೆಯೇ ಎಂದು ದಾರಿಯ ಕಡೆ ಇಣುಕಿದಳು. ನಾನು ಜಗಲಿಯ ಅಂಚಿನಲ್ಲಿ ಕೂತೆ. ಅವಳೇ ಪುಸ್ತಕ ಮುಂದೆ ಹಿಡಿದಳು. ಪುಟದ ತುಂಬ ಲೆಕ್ಕ, ನಡುವೆ ನಾಲ್ಕು ಕಡೆ ಖಾಲಿ ಜಾಗ.

"ಇವು ನಾಕು ಗೊತ್ತಾಗ್ನಿಲ್ಲ ಮಿಸ್" ಎಂದಳು. "ಸಾ ಬರ್ಲಿ ಅಂತ ಬುಟ್ಟಿವ್ನಿ."