ಕಣ್ಣಂದಾಜಿನ ಉತ್ತರ

ಎಸ್ಸೆಸ್ಸೆಲ್ಸಿ ಮುಗಿಸಿ ಕೊಟ್ಟೂರು ಬಿಟ್ಟವನು ನಿವೃತ್ತನಾಗುವವರೆಗೂ ಗುಜರಾತಿನ ಒಂದು ಎಣ್ಣೆ ಕಂಪನಿಯ ಗೋದಾಮಿನಲ್ಲಿದ್ದೆ. ಎಣ್ಣೆ ಬಾವಿ ಕೊರೆಯುವಾಗ ಆಳದಿಂದ ಮರಳುಗಲ್ಲು ಒನಕೆಯಂತೆ ದುಂಡಗೆ ಮೇಲೆ ಬರುತ್ತದೆ. ಅದನ್ನು ತೊಳೆದು ಪೆಟ್ಟಿಗೆಯಲ್ಲಿಡುವುದು, ಕೊರೆಯುವ ಯಂತ್ರ ಉತ್ತರದ ಮಗ್ಗುಲಿಗೆ ಗೀಚಿ ಕಳಿಸಿದ ಗೀರಿನ ಮೇಲೆ ಕೆಂಪು ಗೆರೆ ಎಳೆಯುವುದು ನನ್ನ ಕೆಲಸ.

ಜೋಳದ ಸಿವುಡಿಗೆ ನೀರು ಹೊಯ್ದರೆ ದಂಟಿನ ಉದ್ದಕ್ಕೆ ಸರಸರ ಹೋಗುತ್ತದೆ, ಅಡ್ಡಕ್ಕೆ ತಡೆಯುತ್ತದೆ. ಮರಳುಗಲ್ಲಿನಲ್ಲಿ ಎಣ್ಣೆಯೂ ಹಾಗೆಯೇ. ನನ್ನ ಗೆರೆಯಿಂದ ಅಳೆದು, ದಿಕ್ಕುದಿಕ್ಕಿಗೆ ಸಣ್ಣ ತುಂಡು ಕೊರೆದು, ಗಾಳಿ ಹಾಯಿಸಿ, ಎಣ್ಣೆ ಸಲೀಸಾಗಿ ಹರಿಯುವ ದಿಕ್ಕನ್ನು ನಮ್ಮ ಕಂಪನಿಯ ಭೂವಿಜ್ಞಾನಿ ಮೇಡಂ ಲೆಕ್ಕ ಹಾಕುತ್ತಿದ್ದರು. ಅವರು ಹರಪನಹಳ್ಳಿಯವರು. ಗುಜರಾತಿನ ಆ ಊರಲ್ಲಿ ಕನ್ನಡ ಮಾತಾಡಲು ನಮಗೆ ನಾವೇ.

ಒಂದು ದಿನ ತೊಳೆಯುವಾಗ ದೊಡ್ಡ ತುಂಡೊಂದು ಕೈಜಾರಿ ಬಿತ್ತು. ಗೀರಿದ್ದ ಮಗ್ಗುಲು ಪುಡಿಯಾಯಿತು. ಅಂಥದಕ್ಕೆ ‘ದಿಕ್ಕು ತಿಳಿಯದು’ ಎಂದು ಚೀಟಿ ಹಚ್ಚಬೇಕಿತ್ತು. ಬೈಸಿಕೊಳ್ಳಲು ಹೆದರಿ, ಕಣ್ಣಂದಾಜಿನಲ್ಲಿ ಜೋಡಿಸಿ ಗೆರೆ ಎಳೆದುಬಿಟ್ಟೆ. ಹೆಚ್ಚಿನ ಅಳತೆಗಳನ್ನು ಅದರಿಂದಲೇ ತೆಗೆದರು. ಎಣ್ಣೆ ಈಶಾನ್ಯಕ್ಕೆ ಹರಿಯುತ್ತದೆಂದು ವಾದಿಸಿದ್ದ ಮೇಡಂಗೆ ಅವರ ಅಳತೆಯೇ ಅಡ್ಡ ನಿಂತಿತು. ಮೀಟಿಂಗಿನಲ್ಲಿ ಎಲ್ಲರೂ ನಕ್ಕರಂತೆ. ಮೇಡಂ ತಾವೇ ವರದಿ ಹಿಂದಕ್ಕೆ ಪಡೆದರು. ನಾನು ಬಾಯಿ ಬಿಡಲಿಲ್ಲ.

ನಾನು ನಿವೃತ್ತನಾಗಿ ಕೊಟ್ಟೂರಿಗೆ ಮರಳಿದ ಮೇಲೆ, ಒಮ್ಮೆ ರಜೆಗೆ ಊರಿಗೆ ಬಂದ ಮೇಡಂ ನಮ್ಮ ಮನೆಗೂ ಬಂದರು. ಮಂಡಕ್ಕಿ ತಿನ್ನುತ್ತಾ, ಆ ಹಳೇ ಬಾವಿಯ ಕೆಲಸ ಮತ್ತೆ ತಮ್ಮ ಕೈಗೆ ಬಂದಿದೆ ಎಂದರು. ಇನ್ನು ತಡೆಯಲಾಗಲಿಲ್ಲ, ಎಲ್ಲಾ ಹೇಳಿದೆ.

ಅವರು ತಟ್ಟೆ ಕೆಳಗಿಟ್ಟರು. “ಏಳು ವರ್ಷ ನನ್ನ ತಲಿ ಮ್ಯಾಲೆ ನಾನೇ ಅನುಮಾನ ಪಟ್ಟೀನಿ, ಅಣ್ಣಾರೆ.”

“ತಪ್ಪಾತ್ರಿ, ಮೇಡಂ.”

“ಎಷ್ಟು ತುಂಡು?”

“ಒಂದೇ ರಿ. ಏಳನೇ ಪೆಟ್ಟಿಗಿ.”

“ಹಂಗಾರ ಬರದು ಸಹಿ ಮಾಡ್ರಿ. ಅಕ್ಕಾರ ಸಹಿನೂ ಹಾಕ್ಸಿರಿ. ನಿಮ್ಮೊಬ್ಬರನ್ನ ಇನ್ನ ನಂಬಂಗಿಲ್ಲ.”

ಒಳಗಿನಿಂದ ಬಂದ ನನ್ನ ಹೆಂಡತಿ, ಮದುವೆಯಾದಾಗಿನಿಂದ ತಾನೂ ಅದನ್ನೇ ಹೇಳುತ್ತಿದ್ದೇನೆ ಎಂದು ಪೆನ್ನು ಇಸಿದುಕೊಂಡಳು. ಆಗ ಮೇಡಂ ನಕ್ಕರು.

ತಿಂಗಳಾದ ಮೇಲೆ ಫೋನ್ ಬಂತು. ಆ ತುಂಡನ್ನು ಬಿಟ್ಟು ಲೆಕ್ಕ ಹಾಕಿದರೆ ಉಳಿದವೆಲ್ಲ ಈಶಾನ್ಯವನ್ನೇ ತೋರಿಸುತ್ತಿವೆಯಂತೆ. ವರದಿಗೆ ನನ್ನ ಕಾಗದ ಲಗತ್ತಿಸಬೇಕು, ಬೇಕಾದರೆ ಹೆಸರು ಮರೆಮಾಡುತ್ತೇನೆ ಎಂದರು. ಬೇಡ, ಹೆಸರು ಇರಲಿ ಎಂದೆ.