ಡ್ಯಾಶ್‌ಕ್ಯಾಮಿನ ಕಣ್ಣಿಗೆ ಕುಂಕುಮ

ಶಂಕರಲಿಂಗನಿಗೆ ಕಾರು ಇತ್ತು, ಕಾರಿಗೆ ಕೆಲಸ ಇರಲಿಲ್ಲ. ಗೋವೆಯ ಝುವಾರಿನಗರದ ಅವನ ಖೋಲಿಯಿಂದ ಕಾರ್ಖಾನೆಯ ಸ್ಟೋರ್ಸ್ ಕಚೇರಿಗೆ ಎಲೆ ಅಡಿಕೆ ಅಗಿದು ಮುಗಿಸುವಷ್ಟು ದಾರಿ. ನಡೆದೇ ಹೋಗಿ ಬರುತ್ತಿದ್ದ. ವರ್ಷಕ್ಕೊಂದೆರಡು ಸಲ ಗಡಿಯ ಮೊಲೆಂ ದಾಟಿ, ಘಟ್ಟ ಹತ್ತಿ ಸಿಂದಗಿಗೆ ಹೋಗಿ ಅವ್ವನಿಗೆ ಕಾರು ತೋರಿಸಿ ಬರುವುದು ಬಿಟ್ಟರೆ, ಉಳಿದ ದಿನಗಳಲ್ಲಿ ಅದು ಮನೆಯೊಡತಿ ದುರ್ಗಾಬಾಯಿಯ ಅಂಗಳದಲ್ಲಿ, ತುಳಸಿ ಕಟ್ಟೆಗೆ ಮೂತಿ ಮಾಡಿ ನಿಂತಿರುತ್ತಿತ್ತು. ಸಂಜೆ ಅವನು ಅದರೊಳಗೆ ಕೂತು ಕಾರ್ಖಾನೆಯ ಮಡಗಾಂವ್ ಕಚೇರಿಯ ಹುಡುಗಿ ಪ್ರಾಚಿಗೆ ಫೋನು ಮಾಡುತ್ತಿದ್ದ. ಖೋಲಿಯಲ್ಲಿ ಜೊತೆಗಾರನ ಕಿವಿ, ಹೊರಗೆ ಓಣಿಯ ಕಿವಿ; ಕಾರಿನ ಗಾಜು ಏರಿಸಿದರೆ ಮಾತ್ರ ಏಕಾಂತ ಎಂದು ಅವನ ನಂಬಿಕೆ.

ಹೀಗೆ ನಿಂತೇ ಇರುವ ಕಾರಿಗೆ ಅವನು ಡ್ಯಾಶ್‌ಕ್ಯಾಮ್ ಹಾಕಿಸಿದ್ದ. ಮುಂಗಾಜಿನ ಒಳಗೆ, ಕನ್ನಡಿಯ ಹಿಂದೆ ಅಂಟಿಕೊಂಡು ಎದುರಿಗೆ ನಡೆದದ್ದನ್ನೆಲ್ಲ ತುಂಬಿಕೊಳ್ಳುವ ಪುಟ್ಟ ಡಬ್ಬಿ. ಅದಕ್ಕೆ ತನ್ನದೇ ಪರದೆ ಇಲ್ಲ. ಏನು ತುಂಬಿಕೊಂಡಿದೆ ಎಂದು ಫೋನಿನಲ್ಲಿ ನೋಡಬೇಕು. ಕಾರು ನಿಂತಾಗಲೂ ಯಾರಾದರೂ ತಾಗಿಸಿದರೆ ಎಚ್ಚೆತ್ತು, ಆ ಪೆಟ್ಟಿನ ಹಿಂದುಮುಂದಿನ ತುಣುಕನ್ನು ತೆಗೆದಿಡುವ ಗುಣವೂ ಅದಕ್ಕಿತ್ತು. ಶಂಕರಲಿಂಗ ಅದರ ಚುರುಕುತನವನ್ನು ತುತ್ತತುದಿಗೆ ಏರಿಸಿದ್ದ. ದುಡ್ಡು ಕೊಟ್ಟ ಮೇಲೆ ಕಡಿಮೆ ಯಾಕೆ ಇಡಬೇಕು? ಪರಿಣಾಮ, ಬೆಕ್ಕು ಬಾನೆಟ್ ಮೇಲೆ ಹಾರಿದರೆ ಅಪಘಾತ, ಕಾಗೆ ಕೂತರೆ ಅಪಘಾತ, ಪಕ್ಕದ ಮನೆಯ ರಹಿಮತಬಿ ಚಾದರ ಜಾಡಿಸಿದರೂ ಅಪಘಾತ. ಇಳಿಸಬೇಕು ಎಂದುಕೊಳ್ಳುತ್ತಿದ್ದ. ಆದರೆ ಓಣಿಯಲ್ಲೆಲ್ಲ ಫೋನು ರಿಪೇರಿ ಪಂಡಿತನೆಂದು ಹೆಸರಾದವನು, ಇಳಿಸುವುದು ಸೋಲೊಪ್ಪಿಕೊಂಡಂತೆ ಎಂದು ಸುಮ್ಮನಿದ್ದ.

ದೀಪಾವಳಿ ಮುಗಿದು ತುಳಸಿ ಲಗ್ನ ಹತ್ತಿರ ಬಂದಾಗ, ಒಂದು ದಿನ ಅವನು ಕಚೇರಿಯಿಂದ ಬರುವಷ್ಟರಲ್ಲಿ ಅಂಗಳದಲ್ಲಿ ಪಂಚಾಯಿತಿ ಕೂಡಿತ್ತು. ಹೊಸದಾಗಿ ಬಣ್ಣ ಬಳಿದಿದ್ದ ತುಳಸಿ ಕಟ್ಟೆಯ ಮೂಲೆ ಮುರಿದು ನೆಲಕ್ಕೆ ಬಿದ್ದಿತ್ತು.

"ನೋಡು ಶಂಕರಾ, ನೋಡು!" ದುರ್ಗಾಬಾಯಿ ಸೊಂಟಕ್ಕೆ ಕೈಯಿಟ್ಟಳು. ಕಾರವಾರದ ಕಡೆಯವಳು, ವಿಜಯಪುರದ ಬಾಡಿಗೆದಾರರ ನಡುವೆ ಬಾಳಿ ಅವರ ಮಾತನ್ನೇ ಕಲಿತಿದ್ದಳು, ಗಾಬರಿಗೆ ಮಾತ್ರ ಕೊಂಕಣಿ ಇಟ್ಟುಕೊಂಡಿದ್ದಳು. "ಲಗ್ನ ಬಂತು, ಮದಲಗಿತ್ತಿ ಮನಿ ಒಡದು ಇಟ್ಟಿ. ನಿನ್ನ ಗಾಡೀನ ತಾಗೈತಿ."

"ಬಾಯಿ, ನಾ ಗಾಡಿ ತಗದೇ ಇಲ್ರೀ. ವಾರ ಆತು."

"ತಗಿಯೂದಿಲ್ಲ ಅಂದ್ರ ಯಾಕ್ ಬೇಕೋ ಗಾಡಿ?" ಎಂದವನು ಕೇಶಪ್ಪ. ನೀರಿನ ಕ್ಯಾನ್ ಹಂಚುವ ಟೆಂಪೋದವನು, ಆ ಅಂಗಳದ ಜಾಗದ ಮೇಲೆ ಬಹಳ ದಿನದಿಂದ ಕಣ್ಣಿಟ್ಟವನು. "ಬಾಯಿ, ನನ್ನ ಟೆಂಪೋ ಇಲ್ಲಿ ನಿಂದ್ರಿಸಿದ್ರ ದಿನಾ ಒಂದ್ ಕ್ಯಾನ್ ನಿಮಗ ಫ್ರೀ ನೋಡ್ರಿ."

ಝುವಾರಿನಗರದ ಓಣಿಗಳಲ್ಲಿ ಹೆಣ್ಣು ಸಿಕ್ಕೀತು, ಕಾರು ನಿಲ್ಲಿಸಲು ಜಾಗ ಸಿಗದು. ಅದು ಹೋದರೆ ಕಾರನ್ನು ಹೆದ್ದಾರಿಯ ಬದಿಗೆ ಬಿಡಬೇಕು. ಒಂದೇ ವಾರದಲ್ಲಿ ಯಾವುದೋ ಲಾರಿ ಅದನ್ನು ರೊಟ್ಟಿ ತಟ್ಟಿ ಹೋದೀತು. ಶಂಕರಲಿಂಗ ಎದೆ ಸೆಟೆಸಿದ.

"ಸುಮ್ಮ ಸುಮ್ಮನ ಹೆಸರು ಹಚ್ಚಬ್ಯಾಡ್ರಿ. ನನ್ನ ಕಡೆ ಕ್ಯಾಮೆರಾ ಐತಿ. ಐತವಾರ ಎಲ್ಲಾರ ಮುಂದ ತೋರಸ್ತೇನಿ, ಕಟ್ಟಿ ಒಡದವರ ಮಾರಿ!"

ದುರ್ಗಾಬಾಯಿ ಸೊಂಟದ ಮೇಲಿನ ಕೈ ಇಳಿಸಿದಳು. ಅದು ತನ್ನ ಮಾತಿನ ಗತ್ತಿಗೆ ಎಂದು ಶಂಕರಲಿಂಗ ತಿಳಿದ.

ಕಾರಿನಲ್ಲಿ ಕೂತು ಫೋನು ತೆರೆದ. ಆ ದಿನದ ತುಣುಕೊಂದು ಇತ್ತು. ಒತ್ತಿದ. ಪರದೆಯ ತುಂಬ ಹಾಲಿನಂಥ ಮಬ್ಬು, ನಡುವೆ ಕೆಂಪು ಸೂರ್ಯ. ಕಟ್ಟೆಯಿಲ್ಲ, ಮಾರಿಯಿಲ್ಲ, ಏನೂ ಇಲ್ಲ.

ಪಂಡಿತ ಕೆಲಸಕ್ಕಿಳಿದ. ಮುಂಗಾಜನ್ನು ಒಳಗೆ ಹೊರಗೆ ತಿಕ್ಕಿದ. ವೈರು ಕಿತ್ತು ಮತ್ತೆ ಚುಚ್ಚಿದ. ಕ್ಯಾಮೆರಾದ ತಂತ್ರಾಂಶ ಹೊಸದು ಮಾಡಿದ. ಅದು ಚೀನೀ ಭಾಷೆಗೆ ತಿರುಗಿತು. ಚೀನೀ ಬಿಡಿಸಲು ಹೋಗಿ ತಾರೀಖು ಹಿಂದಕ್ಕೆ ಓಡಿತು. ಗ್ರಾಹಕ ಸೇವೆಗೆ ಫೋನು ಮಾಡಿದರೆ ಆ ಕಡೆಯ ಹುಡುಗಿ ಬಲು ಮರ್ಯಾದೆಯಿಂದ, "ಸರ್, ಕಾರ್ಡ್ ಫಾರ್ಮ್ಯಾಟ್ ಮಾಡಿ, ಎಲ್ಲ ಸರಿ ಹೋಗುತ್ತೆ" ಎಂದಳು. ಬೆರಳು ಗುಂಡಿಯ ತನಕ ಹೋಗಿತ್ತು. ಫಾರ್ಮ್ಯಾಟ್ ಎಂದರೆ ಇದ್ದೊಂದು ಸಾಕ್ಷಿಯನ್ನೂ ಒರೆಸಿ ಹಾಕುವುದು ಎಂದು ನೆನಪಾಗಿ ಬೆವತ.

ಕೊನೆಗೆ ಡಬ್ಬಿಯನ್ನು ಬೈಯಲೆಂದು ಬುಡಸಮೇತ ಕಿತ್ತು ಮುಖದ ಎದುರಿಗೆ ಹಿಡಿದ. ಕ್ಯಾಮೆರಾ ಶಾಂತವಾಗಿ ಅವನನ್ನೇ ನೋಡಿತು. ಅದರ ಗಾಜಿನ ಕಣ್ಣಿನ ಮೇಲೆ ಮೂರು ಬೆರಳಿನ ವಿಭೂತಿ, ನಟ್ಟನಡುವೆ ದುಂಡನೆಯ ಕುಂಕುಮ. ಗೋವೆಯ ತೇವಕ್ಕೆ ಎರಡೂ ಗಚ್ಚಿನಂತೆ ಹಿಡಿದಿದ್ದವು. ಡಬ್ಬಿ ದೀಕ್ಷೆ ತೆಗೆದುಕೊಂಡು ಕೂತಿತ್ತು.

ದೀಕ್ಷೆ ಕೊಟ್ಟ ಸ್ವಾಮಿಗಳು ತಾವೇ. ಖಂಡೇನವಮಿಯ ದಿನ ಮಿಕ್ಸರ್, ಇಸ್ತ್ರಿ ಪೆಟ್ಟಿಗೆ, ಲ್ಯಾಪ್‌ಟಾಪು ಎಲ್ಲಕ್ಕೂ ಹಚ್ಚಿ ಕಾರಿಗೆ ಬಂದಿದ್ದ. ಇದನ್ನೇ ಬಿಟ್ಟರೆ ಹೇಗೆ ಎಂದು, ಅಂಟಿದ್ದ ಡಬ್ಬಿಯನ್ನು ಬಿಡಿಸಿ, ಭಕ್ತಿಯಿಂದ ಹಚ್ಚಿ, ಕೈಮುಗಿದು, ಮತ್ತೆ ಅಂಟಿಸಿದ್ದ.

ಸಂಕಟ ತಡೆಯದೆ ಸಿಂದಗಿಗೆ ಫೋನು ಮಾಡಿದ. ಅವ್ವ ಲಕ್ಷ್ಮವ್ವ ಪೂರ್ತಿ ಕೇಳಿಸಿಕೊಂಡಳು.

"ಹುಚ್ಚಪ್ಪಾ, ವಿಭೂತಿ ಹಣಿಗೆ ಹಚ್ಚತಾರ. ಕಣ್ಣಿಗೆ ಯಾರರ ಹಚ್ಚತಾರೇನೋ?"

"ಅದಕ್ಕ ಹಣಿ ಎಲ್ಲೈತಬೇ?"

"ಹುಡುಕಬೇಕಪಾ. ಇಷ್ಟ್ ಸಾಲಿ ಕಲಿಸಿದ್ದು ಯಾತಕ್ಕ?"

ಕಣ್ಣನ್ನು ಒರೆಸಿದ. ಆದರೆ ಹಳೆಯ ತುಣುಕನ್ನು ಯಾವ ಬಟ್ಟೆಯಿಂದ ಒರೆಸುವುದು? ಐತವಾರ ಎಲ್ಲರ ಮುಂದೆ ಕೆಂಪು ಸೂರ್ಯನನ್ನು ತೋರಿಸಿ ನಮಸ್ಕಾರ ಮಾಡಿಸಬೇಕಷ್ಟೇ. ಎಲ್ಲ ಕೈಬಿಟ್ಟು ಕೂತವನಿಗೆ, ಕ್ಯಾಮೆರಾಕ್ಕೆ ಕಣ್ಣು ಕಟ್ಟಿದರೂ ಕಿವಿ ಕಟ್ಟಿರಲಿಲ್ಲ ಎಂಬುದು ಹೊಳೆಯಿತು. ಹಾಡು ಕೇಳುವ ಕಿವಿಗುಂಡು ಸಿಕ್ಕಿಸಿಕೊಂಡು ಅದೇ ತುಣುಕು ಹಾಕಿದ.

ಮೊದಲು ಕಬ್ಬಿಣ ಉರುಳುವ ಗಡಗಡ. ತುಂಬಿದ ಗ್ಯಾಸ್ ಸಿಲಿಂಡರು. ಅಂಗಡಿಯವನು ಗೇಟಿನಲ್ಲೇ ಇಳಿಸಿ ಹೋದದ್ದನ್ನು ಯಾರೋ ಕಾಲಿನಿಂದ ತಳ್ಳಿಕೊಂಡು ಬರುತ್ತಿದ್ದಾರೆ. ಆಮೇಲೆ ಧಡ್! ಕಲ್ಲು ಬಿದ್ದ ಸದ್ದು. ಸಿಲಿಂಡರು ಮುಂದೆ ಉರುಳಿ ಕಾರಿನ ಬಂಪರಿಗೆ ಟಣ್. ಆಮೇಲೆ, ಏರಿಸಿದ ಗಾಜನ್ನೂ ಲೆಕ್ಕಿಸದ ಗಟ್ಟಿ ಕಂಠ: "ಅಗೋ ಬಾಯೆ! ತುಳಸಾ, ಮಾಫ್ ಕರ್." ಮತ್ತೆ, ತುಸು ನೆಮ್ಮದಿಯಿಂದ: "ಕೋಣೆಂಚ್ ಪಳೆಲೆಂ ನಾ."

ಯಾರೂ ನೋಡಲಿಲ್ಲ ಎಂದು ಹೇಳಿಕೊಂಡವಳು ದುರ್ಗಾಬಾಯಿ.

ಶಂಕರಲಿಂಗ ಕಾರಿನಲ್ಲೇ ಕುಣಿದ. ಕ್ಯಾಮೆರಾ ಅದನ್ನೂ ಅಪಘಾತವೆಂದು ಬರೆದುಕೊಂಡಿತು. ಕುಣಿತ ಇಳಿದ ಮೇಲೆ ತಲೆ ಓಡಿತು. ಓಣಿಯ ಮುಂದೆ ಇದನ್ನು ಕೇಳಿಸಿದರೆ ತಾನು ಗೆದ್ದೆ, ನಿಜ. ಆದರೆ ಮಾನ ಹೋದ ಮನೆಯೊಡತಿ ಗೆದ್ದ ಬಾಡಿಗೆದಾರನನ್ನು ಎಷ್ಟು ದಿನ ಇಟ್ಟುಕೊಂಡಾಳು? ಕೇಳಿಸದಿದ್ದರೆ ಜಾಗ ಈಗಲೇ ಕೇಶಪ್ಪನದು. ಸತ್ಯವೆಂಬ ಬಿಸಿ ತುಪ್ಪ ಬಾಯಿತುಂಬ ಇತ್ತು.

ಐತವಾರ ಬೆಳಿಗ್ಗೆ ಅಂಗಳ ತುಂಬಿತು. ರಹಿಮತಬಿ ಕುರ್ಚಿ ತಂದುಕೊಂಡೇ ಬಂದಿದ್ದಳು. ಕೇಶಪ್ಪ ಟೆಂಪೋವನ್ನು ಗೇಟಿನ ತನಕ ತಂದು ನಿಲ್ಲಿಸಿದ್ದ. ದುರ್ಗಾಬಾಯಿ ತುಳಸಿಯ ಪಕ್ಕದಲ್ಲಿ, ಮುರಿದ ಮೂಲೆಗೆ ಸೆರಗು ಮರೆ ಮಾಡಿ ನಿಂತಿದ್ದಳು.

"ಚಿತ್ರ ಸ್ವಲ್ಪ ಮಸುಕೈತ್ರಿ," ಎಂದ ಶಂಕರಲಿಂಗ. ಯಾಕೆ ಎಂದು ಹೇಳಲಿಲ್ಲ. "ಆದ್ರ ಆವಾಜ್ ಚಲೋ ಐತಿ."

ಒತ್ತಿದ. ಗಡಗಡ ಕೇಳಿಸಿತು. ದುರ್ಗಾಬಾಯಿಯ ಸೆರಗು ಜಾರಿತು. ಧಡ್! ಟಣ್! ಶಂಕರಲಿಂಗ ಅವಳ ಮುಖವನ್ನೇ ನೋಡುತ್ತ, "ಅಗೋ" ಎನ್ನುವ ಅಕಾರ ಹುಟ್ಟುವ ಮೊದಲೇ ಬೆರಳಿಟ್ಟು ನಿಲ್ಲಿಸಿದ.

"ಮುಂದ ಕಾರ್ಡ್ ಕೆಟ್ಟೈತ್ರಿ ಬಾಯಿ. ರಿಪೇರಿ ಮಾಡಾಕತ್ತೇನಿ. ಮಾಡಿದ್ರ ಕೇಳಸ್ತೈತಿ, ಬಿಟ್ರ ಇಲ್ಲ. ಹೆಂಗ್ ಮಾಡೂಣು?"

ಬಹಳ ವಿನಯದಿಂದಲೇ ಕೇಳಿದ್ದ. ದುರ್ಗಾಬಾಯಿ ಅವನನ್ನು ಅಳೆದಳು.

"ಬೆಕ್ಕಿರಬೇಕು ಬಿಡು," ಎಂದಳು.

"ಬೆಕ್ಕು ಗಡಗಡ ಅಂತೈತೇನ್ರಿ ಬಾಯಿ?" ಕೇಶಪ್ಪ ಕೇಳಿದ.

"ನಮ್ಮ ಬೆಕ್ಕು ಅಂತೈತಿ. ನೀ ಮದಲ ಆ ಟೆಂಪೋ ತಗಿ, ಗೇಟಿಗೆ ಅಡ್ಡ ಆಗೈತಿ. ಶಂಕರನ ಗಾಡಿ ಎಲ್ಲೈತಿ ಅಲ್ಲೇ ಇರಲಿ, ತುಳಸಿಗೆ ನೆರಳಾಗತೈತಿ."

ಜನ ಚದುರಿದರು. ಕುರ್ಚಿ ತಂದದ್ದು ದಂಡವಾಯಿತೆಂದು ರಹಿಮತಬಿ ಗೊಣಗುತ್ತ ಹೋದಳು. ಗೆದ್ದ ಸೊಕ್ಕಿನಲ್ಲಿ ಶಂಕರಲಿಂಗ ಕಾರಿನ ಬಾಗಿಲು ತೆಗೆಯುವಾಗ ದುರ್ಗಾಬಾಯಿ ಹತ್ತಿರ ಬಂದಳು.

"ಆ ಡಬ್ಬಿಗೆ ಕಿವಿ ಅದಾವ ಅಂತ ಗೊತ್ತಿರಲಿಲ್ಲ ನೋಡು. ನನ್ನ ಕಿಡಕಿಗೂ ಅದಾವ." ಕಾರಿನ ಮಗ್ಗುಲಿಗೇ ಇದ್ದ ತನ್ನ ಅಡುಗೆಮನೆಯ ಕಿಟಕಿ ತೋರಿಸಿ, ಗಂಟಲು ದಪ್ಪ ಮಾಡಿದಳು. "‘ಈಗ ಮಾಂಡವಿ ಸೇತುವಿ ಮ್ಯಾಲ ಹೊಂಟೇನಿ ಪ್ರಾಚಿ, ಭಾಳ ಗಾಳಿ. ಆಮ್ಯಾಲ ಮಾತಾಡೂಣು, ಪೊಲೀಸ್ ಅದಾನ.’"

ಶಂಕರಲಿಂಗನ ಕಿವಿ ಬಿಸಿಯಾದವು. ಮಾಂಡವಿ ಸೇತುವೆಯನ್ನು ಅವನು ದಾಟುತ್ತಿದ್ದುದು ಇದೇ ಸೀಟಿನಲ್ಲಿ, ಕೀಲಿ ಜೇಬಿನಲ್ಲಿದ್ದಾಗಲೇ.

"ಬಾಯಿ, ಆಕಿ ನಿಮಗ ಗೊತ್ತೇನ್ರಿ?"

"ಗೊತ್ತಿಲ್ಲ. ತುಳಸಿ ಲಗ್ನಕ್ಕ ಕರಿ, ಗೊತ್ತಾಗ್ಲಿ. ಆಕಿ ಬರೂದ್ರೊಳಗ ಆ ಮೂಲಿಗೆ ಸಿಮೆಂಟ್ ಹಚ್ಚಿ ಕೊಡು. ನೀ ಎಲ್ಲಾ ರಿಪೇರಿ ಮಾಡ್ತಿ ಅಲಾ?"

ಸಿಮೆಂಟು ಮೆತ್ತಿದ. ಕ್ಯಾಮೆರಾದ ಚುರುಕನ್ನು ಕೊನೆಗೂ ನಡುಮಟ್ಟಕ್ಕೆ ಇಳಿಸಿದ. ಈಗ ಕಾಗೆ ಕೂತರೆ ಅದಕ್ಕೆ ಕಾಗೆಯೇ. ಗಾಜನ್ನು ತಿಂಗಳಿಗೊಮ್ಮೆ ಒರೆಸುವುದಾಗಿ ತನಗೆ ತಾನೇ ಆಣೆ ಇಟ್ಟುಕೊಂಡ. ಪ್ರಾಚಿಯನ್ನು ಕರೆಯಲು ಧೈರ್ಯವಾಗಲಿಲ್ಲ.

ತುಳಸಿ ಲಗ್ನದ ಸಂಜೆ ಕಟ್ಟೆಗೆ ಕಬ್ಬು ಕಟ್ಟಿ, ಆರತಿಯೆಲ್ಲ ಆದ ಮೇಲೆ ದುರ್ಗಾಬಾಯಿ ಕುಂಕುಮದ ತಟ್ಟೆ ಹಿಡಿದು ಕಾರಿನ ಕಡೆ ಬಂದಳು. ಬಾನೆಟ್ಟಿಗೆ ಹಚ್ಚಿದಳು, ಬಾಗಿಲು ತೆಗೆಸಿ ಒಳಗೆ ಬಾಗಿ ಬೆರಳು ಚಾಚಿದಳು.

"ಬಾಯಿ, ಅಲ್ಲೆ ಬ್ಯಾಡ್ರಿ, ಅದು ಕಣ್ಣು!" ಶಂಕರಲಿಂಗ ಓಡಿ ಬಂದು ಡಬ್ಬಿಯ ಬೆನ್ನು ತೋರಿಸಿದ. "ಇದು ಹಣಿ."

ಅವಳು ಹಣೆಗೆ ಅಚ್ಚುಕಟ್ಟಾಗಿ ಹಚ್ಚಿದಳು. ಆಮೇಲೆ ಅತ್ತಿತ್ತ ನೋಡಿ, ಡಬ್ಬಿಗೆ ಬಾಯಿ ತಾಗುವಷ್ಟು ಹತ್ತಿರ ಹೋಗಿ, ಸಾಕ್ಷಿ ಹೇಳುವವರಂತೆ ಒಂದೊಂದೇ ಮಾತು ಬಿಡಿಸಿ ನುಡಿದಳು:

"ಕಟ್ಟಿ ಕೆಡವಿದ್ದು ಬೆಕ್ಕು. ಬರಕೋ."

ಮತ್ತು ಬರೆದುಕೊಂಡಿತೋ ಇಲ್ಲವೋ ಎಂಬ ಅನುಮಾನಕ್ಕೆ, ಹೊರಗೆ ಬಂದು ಬಾನೆಟ್ಟಿನ ಮೇಲೆ ಅಂಗೈಯಿಂದ ರಪ್ಪನೆ ಒಂದು ಕೊಟ್ಟಳು. ಒಳಗೆ ಡಬ್ಬಿ ಎಚ್ಚೆತ್ತು ಕೆಂಪಗೆ ಮಿನುಗಿತು.